ಹಿಮದ ಬರಗಾಲ, ರಜೆಯ ಜಾತ್ರೆ

ಹಿಂಗಾರಿ ಜೋಳ ತೆನೆಗಟ್ಟುತ್ತಿರುವಾಗ, ತೊಗರಿಯ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವಾಗ, ಎಳ್ಳಮಾವಾಸ್ಯೆಯ ಚರಗದ ಆಸುಪಾಸಿನಲ್ಲಿ ನಮ್ಮ ಸೀಮೆಯ ಜನರ ಮನಸ್ಸು ಸಹಜವಾಗಿಯೇ ಪ್ರಯಾಣದತ್ತ ತಿರುಗುತ್ತದೆ. ಹಿಂದಿನ ತಲೆಮಾರಿನವರಿಗೆ ಈ ಆಸೆಯು ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿಯೋ ಬಾದಾಮಿಯ ಬನಶಂಕರಿಯಲ್ಲಿಯೋ, ಹೆಚ್ಚೆಂದರೆ ಪಂಢರಪುರದಲ್ಲಿಯೋ ತೀರುತ್ತಿದ್ದಿತು. ಈಗಿನವರಾದರೋ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಕ್ರೂಸರನ್ನೋ ಸ್ವಂತ ಕಾರನ್ನೋ ಸಜ್ಜುಗೊಳಿಸಿ, ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿಗಳೊಡನೆ ಡಿಸೆಂಬರಿನ ಕೊನೆಯ ವಾರದಲ್ಲಿ ಮನಾಲಿಗೆ ಹೋಗಿ, ಕಾಲಿಗೆ ಸ್ಕೀ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರಿಬರುವ ಯೋಜನೆಯನ್ನು ಹೂಡುತ್ತಾರೆ. ಯೋಜನೆಯಲ್ಲಿ ದೋಷವಿಲ್ಲ; ಅದರ ತಳಹದಿಯಾಗಿರುವ ನಂಬಿಕೆಗಳು ಮಾತ್ರ ಪರೀಕ್ಷೆಗೆ ಯೋಗ್ಯವಾಗಿವೆ.

"ದಿಲ್ಲಿ ದಾಟಿದ್ರ ಆತು, ಮುಂದೆಲ್ಲಾ ಬರ್ಫಽ" ಎಂಬುದು ಇವುಗಳಲ್ಲಿ ಅತ್ಯಂತ ಪ್ರಚಲಿತವಾದದ್ದು. ಉತ್ತರಕ್ಕೆ ಸರಿದಂತೆ ಚಳಿ ಹೆಚ್ಚುವುದು ನಿಜವಾದರೂ ಈ ದೇಶದಲ್ಲಿ ಹಿಮದ ಭಾಗ್ಯವನ್ನು ನಿರ್ಣಯಿಸತಕ್ಕದ್ದು ಮುಖ್ಯವಾಗಿ ಎತ್ತರ. ಪ್ರತಿ 1000 ಮೀಟರ್ ಏರಿದಂತೆ ಉಷ್ಣತೆಯು ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ಮನಾಲಿ ಪಟ್ಟಣವಿರುವುದು ಸುಮಾರು 2050 ಮೀಟರ್ ಎತ್ತರದಲ್ಲಿ, ಸೋಲಂಗ್ ಕಣಿವೆ ಸುಮಾರು 2500ರಲ್ಲಿ, ರೋಹ್ತಂಗ್ ಕಣಿವೆದಾರಿ 3978ರಲ್ಲಿ. ಒಂದೇ ಮೋಡ, ಒಂದೇ ಮಧ್ಯಾಹ್ನ, ರೋಹ್ತಂಗಿನಲ್ಲಿ ಹಿಮವನ್ನೂ ಸೋಲಂಗಿನಲ್ಲಿ ಹಿಮಮಿಶ್ರಿತ ಮಳೆಯನ್ನೂ ಮನಾಲಿಯ ಪೇಟೆಯಲ್ಲಿ ಬರಿಯ ಮಳೆಯನ್ನೂ ಸುರಿಸಬಲ್ಲುದು. ಚಳಿ ಸಾಲದ ವರ್ಷಗಳಲ್ಲಿ ಹಿಮದ ಗೆರೆಯು ಮೇಲಕ್ಕೆ ಸರಿಯುತ್ತದೆ. ಪೇಟೆಯಲ್ಲಿ ಕೋಣೆ ಹಿಡಿದವನು ಕಿಟಕಿಯಿಂದ ಕೆಸರನ್ನು ನೋಡುತ್ತಾನೆ.

ಚಳಿಯೊಂದಿದ್ದರೆ ಹಿಮ ತಾನಾಗಿ ಬರುವುದೆಂಬ ಭಾವನೆಯೂ ಇದರ ಸೋದರನೇ. ಈ ಭ್ರಾಂತಿಯನ್ನು ಬೇರೆಯವರಿಗಿಂತ ಮೊದಲು ಬಿಡಬೇಕಾದವರು ನಾವು. ಏಕೆಂದರೆ ಮಳೆನೆರಳೆಂದರೇನೆಂಬುದನ್ನು ಸಿಂದಗಿಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಅರಬ್ಬೀ ಸಮುದ್ರದಿಂದ ಏರಿಬಂದ ಮೋಡವು ಸಹ್ಯಾದ್ರಿಗೆ ತಾಗಿ, ಕೃಷ್ಣೆಯ ಉಗಮಸ್ಥಾನವಾದ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಮಿಕ್ಕಿ ಸುರಿದು, ಬರಿದಾದ ಮೈಯಿಂದ ನಮ್ಮ ಎರೆನೆಲದ ಮೇಲೆ ಹಾದುಹೋಗುವಾಗ ವಿಜಯಪುರ ಜಿಲ್ಲೆಗೆ ದೊರೆಯುವುದು ಸುಮಾರು 600 ಮಿಲಿಮೀಟರಿನ ಆಚೀಚೆಗಿನ ಮಳೆ. ಹಿಮಾಲಯದಲ್ಲಿಯೂ ಇದೇ ನ್ಯಾಯ. ಲೇಹ್ ನಗರವು ಮನಾಲಿಗಿಂತ ಎಷ್ಟೋ ಹೆಚ್ಚು ಚಳಿಯ ಊರು. ಆದರೆ ಅದು ಪರ್ವತಶ್ರೇಣಿಗಳ ಹಿಂದೆ ಮರೆಯಾಗಿರುವುದರಿಂದ ವರ್ಷಕ್ಕೆ 100 ಮಿಲಿಮೀಟರಿನಷ್ಟು ತೇವವೂ ಅದಕ್ಕೆ ದುರ್ಲಭ, ಹಿಮವೂ ವಿರಳ. ಚಳಿಗಾಲದಲ್ಲಿ ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಿಗೆ ತೇವವನ್ನು ಹೊತ್ತು ತರುವುದು ಮುಂಗಾರೂ ಅಲ್ಲ, ಹಿಂಗಾರೂ ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನಗಳ ಮೇಲೆ ಪೂರ್ವಾಭಿಮುಖವಾಗಿ ಸಾಗಿಬರುವ ವಾಯುಕ್ಷೋಭೆಗಳು, ಹವಾಮಾನ ಇಲಾಖೆಯವರು ಪಶ್ಚಿಮದ ಕ್ಷೋಭೆ ಎಂದು ಕರೆಯುವಂಥವು, ಒಂದರ ಹಿಂದೊಂದು ಬಂದು ಪರ್ವತಗಳಿಗೆ ತಾಗಿದಾಗ ಹಿಮಪಾತವಾಗುತ್ತದೆ. ಅವು ಬಾರದಿದ್ದರೆ, ಬಂದರೂ ದುರ್ಬಲವಾಗಿದ್ದರೆ, ಎಲುಬು ಕೊರೆಯುವ ಚಳಿಯಲ್ಲಿಯೂ ಬೆಟ್ಟ ಬೋಳಾಗಿಯೇ ನಿಲ್ಲುತ್ತದೆ. ಮೃಗಶಿರಾ ಮಳೆ ಕೈಕೊಟ್ಟ ವರ್ಷದಲ್ಲಿ ನಮ್ಮ ಹೊಲಗಳಿಗೆ ಒದಗುವ ಗತಿಯೂ ಇದೇ ಅಲ್ಲವೇ?

ಇದು ಕೇವಲ ಸಿದ್ಧಾಂತವಲ್ಲ. 2024ರ ಜನವರಿಯ ಮೊದಲ ವಾರಗಳಲ್ಲಿ ಭಾರತದ ಸ್ಕೀ ಕ್ರೀಡೆಯ ರಾಜಧಾನಿಯೆನಿಸಿದ ಗುಲ್ಮರ್ಗ್ ಒಣಹುಲ್ಲಿನ ಕಂದುಬಣ್ಣದಲ್ಲಿ ಮಲಗಿದ್ದಿತು. ಹಿಮ ಬಿದ್ದದ್ದು ಆ ತಿಂಗಳ ಅಂತ್ಯಕ್ಕೆ. 2025ರಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮರ್ಗ್ ಭಾಗವನ್ನು ಹಿಮದ ಅಭಾವದ ನಿಮಿತ್ತ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಸರಕಾರವೇ ಏರ್ಪಡಿಸಿದ ಕ್ರೀಡಾಕೂಟವು ಕಾಯಬೇಕಾದಲ್ಲಿ, ಕ್ರಿಸ್ಮಸ್ ರಜೆಯ ಪ್ರವಾಸಿಗಾಗಿ ಆಕಾಶವು ತನ್ನ ಪಂಚಾಂಗವನ್ನು ತಿದ್ದಿಕೊಳ್ಳುವುದೆಂದು ನಿರೀಕ್ಷಿಸುವುದು ತುಸು ಅತಿಯೇ ಸರಿ. ಹಿಮವು ದಟ್ಟವಾಗಿ ಕೂಡುವ ಕಾಲ ಸಾಮಾನ್ಯವಾಗಿ ಜನವರಿಯ ಉತ್ತರಾರ್ಧದಿಂದ ಫೆಬ್ರವರಿಯ ಅಂತ್ಯದವರೆಗೆ. ಜನವು ದಟ್ಟವಾಗಿ ಕೂಡುವ ಕಾಲ ಡಿಸೆಂಬರಿನ ಕೊನೆಯ ಹತ್ತು ದಿನಗಳು.

"ಹಿಮ ಬೀಳದಿದ್ದರೇನು, ಯಂತ್ರದಿಂದ ಮಾಡುತ್ತಾರಲ್ಲ?" ಎನ್ನುವವರೂ ಉಂಟು. ಉತ್ತರಾಖಂಡದ ಔಲಿಯಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸಂದರ್ಭದಲ್ಲಿ ಅಂತಹ ಯಂತ್ರಗಳನ್ನು ತರಿಸಿದ್ದುದು ನಿಜ. ಆದರೆ ಯಂತ್ರವು ನೀರನ್ನು ಸಣ್ಣ ಹನಿಗಳಾಗಿ ಸಿಂಪಡಿಸುವುದೇ ಹೊರತು ಬಯಲಿನ ಗಾಳಿಯನ್ನು ತಣಿಸಲಾರದು. ಗಾಳಿಯೇ ಹೆಪ್ಪುಗಟ್ಟಿಸುವಷ್ಟು ಶೀತಲವಾಗಿ, ಶುಷ್ಕವಾಗಿ ಇಲ್ಲದಿದ್ದರೆ ಹನಿಯು ಹನಿಯಾಗಿಯೇ ನೆಲಕ್ಕೆ ಬೀಳುತ್ತದೆ.

ಇಲ್ಲಿಯೇ ಎಲ್ಲಕ್ಕಿಂತ ವಿಚಿತ್ರವಾದ, ನಮ್ಮವರಿಗೆ ಎಲ್ಲಕ್ಕಿಂತ ಉಪಯುಕ್ತವೂ ಆದ ವಿಚಾರವನ್ನು ಹೇಳಬೇಕಾಗಿದೆ. ಹಿಮವನ್ನು ಕಾಣಲು ಚಳಿಗಾಲದಲ್ಲಿಯೇ ಹೋಗಬೇಕು, ಬೇಸಿಗೆಯ ರಜೆಯಲ್ಲಿ ಹೋದರೆ ವ್ಯರ್ಥ ಎಂದು ಬಹುಜನರು ನಂಬಿರುವರು. ಆದರೆ ಬೀಳುವ ಹಿಮ ಬೇರೆ, ನಿಂತ ಹಿಮ ಬೇರೆ. ಬಸವನ ಬಾಗೇವಾಡಿಯವರು ಏಪ್ರಿಲ್ ತಿಂಗಳಲ್ಲಿ ಆಲಮಟ್ಟಿಯಲ್ಲಿ ನೋಡುವ ನೀರು ಆ ತಿಂಗಳ ಮಳೆಯದಲ್ಲ, ಹಿಂದಿನ ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದು ಸಂಗ್ರಹವಾದದ್ದು. ಅದರಂತೆಯೇ ಎತ್ತರದ ಕಣಿವೆದಾರಿಗಳಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಬಿದ್ದ ಹಿಮವು ಪದರಪದರವಾಗಿ ಕೂಡಿಕೊಂಡು ವಸಂತದವರೆಗೂ ಉಳಿಯುತ್ತದೆ. ಡಿಸೆಂಬರಿನ ಕೊನೆಗೆ ರೋಹ್ತಂಗಿನ ರಸ್ತೆಯು ಸಾಮಾನ್ಯವಾಗಿ ಮುಚ್ಚಿರುತ್ತದೆ. ಗಡಿ ರಸ್ತೆಗಳ ಸಂಘಟನೆಯವರು ಹಿಮವನ್ನು ಕಡಿದು ದಾರಿ ಬಿಡಿಸಿದ ಮೇಲೆ, ಸಾಮಾನ್ಯವಾಗಿ ಮೇ ತಿಂಗಳ ಸುಮಾರಿಗೆ, ರಸ್ತೆಯ ಇಕ್ಕೆಲಗಳಲ್ಲಿ ಹಿಮದ ಗೋಡೆಗಳ ನಡುವೆ ವಾಹನಗಳು ಏರಿಹೋಗುತ್ತವೆ. ನಮ್ಮ ಶಾಲೆಗಳ ದೊಡ್ಡ ರಜೆ ಬೀಳುವುದೂ ಆಗಲೇ. ವಿಜಯಪುರದ ಬಿಸಿಲು 40 ಡಿಗ್ರಿಯನ್ನು ಮೀರಿದಾಗ ಹಿಮವನ್ನು ಮುಟ್ಟಲು ಹೋಗುವವನು, ಡಿಸೆಂಬರಿನಲ್ಲಿ ಹೋದವನಿಗಿಂತ ಹೆಚ್ಚು ಖಚಿತವಾಗಿ ಅದನ್ನು ಮುಟ್ಟಿಬರುವನೆಂದರೆ ಕೇಳಿದವರು ನಗುವರು. ಆದರೂ ಅದು ಸತ್ಯ. ಒಂದು ನಿಬಂಧನೆಯುಂಟು: ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದಂತೆ ದಿನಕ್ಕೆ 1200 ವಾಹನಗಳಿಗೆ ಮಾತ್ರ, 800 ಪೆಟ್ರೋಲ್, 400 ಡೀಸೆಲ್, ರೋಹ್ತಂಗಿಗೆ ಪ್ರವಾಸದ ಪರವಾನಗಿ ದೊರೆಯುತ್ತದೆ. ಡೀಸೆಲ್ ಕ್ರೂಸರಿನವರು ಈ ಲೆಕ್ಕವನ್ನು ಮೊದಲೇ ಗಮನಿಸತಕ್ಕದ್ದು.

ಇನ್ನು ರಸ್ತೆಯ ವಿಷಯ. ಅಂಕೋಲೆಯಿಂದ ಪಂಜಾಬಿನ ಸಂಗರೂರಿನವರೆಗೆ ಹೋಗುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಕೊಲ್ಹಾರ, ವಿಜಯಪುರ, ಹೊರ್ತಿ, ಝಳಕಿಗಳನ್ನು ಹಾದು ಸೊಲ್ಲಾಪುರದ ಕಡೆಗೆ ಏರುತ್ತದೆಂಬುದು ನಮ್ಮ ಪ್ರಾಂತ್ಯದ ಒಂದು ಸೌಭಾಗ್ಯವೇ; ಮನೆಯ ಮುಂದಿನ ಹೆದ್ದಾರಿಯೇ ಪಂಜಾಬಿಗೆ ಮುಟ್ಟಿಸುವಾಗ ಸೊಲ್ಲಾಪುರದ ಪೇಟೆಗೆ ಹೋಗಿಬಂದಷ್ಟೇ ಸುಲಭವಾಗಿ ಮನಾಲಿಗೂ ಹೋಗಬಹುದೆಂಬ ಧೈರ್ಯವು ಬರುವುದು ಸಹಜ. ಆದರೆ ದಾರಿಯು 2000 ಕಿಲೋಮೀಟರಿಗೂ ಮಿಕ್ಕದ್ದು. ದಿನಕ್ಕೆ 500 ಕಿಲೋಮೀಟರಿನಂತೆ ಓಡಿಸಿದರೂ ಹೋಗಲು ಕಡಿಮೆಯೆಂದರೆ ನಾಲ್ಕು ದಿನ, ಬರಲು ನಾಲ್ಕು; ಹತ್ತು ದಿನಗಳ ರಜೆಯಲ್ಲಿ ಹಿಮದ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಎರಡೇ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಆಲಮಟ್ಟಿಗಳಲ್ಲಿ ರೈಲು ಹತ್ತಿ ಸೊಲ್ಲಾಪುರದ ಕಡೆ ಸಾಗಿ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಯನ್ನು ಸೇರಿ, ಮುಂದೆ ಬಸ್ಸನ್ನೋ ಬಾಡಿಗೆಯ ಗಾಡಿಯನ್ನೋ ಹಿಡಿಯುವುದು ನನ್ನ ದೃಷ್ಟಿಯಲ್ಲಿ ಮೇಲು. ನಾಲ್ಕು ತಿಂಗಳು ಮೊದಲೇ ಟಿಕೆಟ್ ಕಾದಿರಿಸಬಹುದೆಂದು ಇನ್ನೂ ಅನೇಕರು ತಿಳಿದಿರುವರು. 2024ರ ನವೆಂಬರ್ 1ರಿಂದ ಆ ಅವಧಿಯು 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಡಿಸೆಂಬರಿನ ಕೊನೆಯ ವಾರಕ್ಕೆ ಹೊರಡುವವರು ಅಕ್ಟೋಬರಿನ ಕೊನೆಯ ವಾರದಲ್ಲಿ ಎಚ್ಚರವಾಗಿರಬೇಕು.

ಸ್ವಂತ ಗಾಡಿಯೇ ಬೇಕೆಂದು ಹಟಹಿಡಿದವರಿಗೆ ಎರಡು ಮಾತು. ನಮ್ಮ ಕಡೆ ರೇಡಿಯೇಟರಿಗೆ ಕೊಳವೆಬಾವಿಯ ನೀರನ್ನು ಸುರಿದು ಓಡಿಸುವ ರೂಢಿಯುಂಟು. ಶೂನ್ಯಕ್ಕಿಂತ ಕೆಳಗಿಳಿದ ರಾತ್ರಿಯಲ್ಲಿ ಆ ನೀರು ಗಡ್ಡೆಗಟ್ಟಿ ಹಿಗ್ಗಿ ಎಂಜಿನ್ನಿನ ಮೈಯನ್ನೇ ಸೀಳಬಲ್ಲುದು, ಆದುದರಿಂದ ಗ್ಲೈಕಾಲ್ ಬೆರೆತ ಕೂಲಂಟ್ ಅನಿವಾರ್ಯ. ಎರಡನೆಯದಾಗಿ, ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ಗಾಡಿ ಜಾರುವುದಿಲ್ಲವೆಂಬ ಹೆಮ್ಮೆ. ಆ ಬಲವು ಗಾಡಿಯನ್ನು ಹೊರಡಿಸಲು, ಏರಿಸಲು ನೆರವಾಗುವುದೇ ವಿನಾ ನಿಲ್ಲಿಸಲು ಅಲ್ಲ. ಮಂಜುಗಡ್ಡೆಯ ಮೇಲೆ ಬ್ರೇಕು ಒತ್ತಿದಾಗ ಎಲ್ಲ ಗಾಡಿಗಳೂ ಸಮಾನವೇ. ಹಿಮ ಕಡಿಮೆಯಾದ ವರ್ಷದಲ್ಲಿ ದಾರಿ ನಿರಪಾಯವೆನ್ನುವ ಊಹೆಯಂತೂ ಪ್ರಾಣಾಂತಿಕವಾದದ್ದು: ಹಗಲು ಕರಗಿದ ತೆಳುಹಿಮವು ರಾತ್ರಿ ನೆರಳಿನ ತಿರುವುಗಳಲ್ಲಿ ಪಾರದರ್ಶಕವಾದ ಗಡ್ಡೆಯಾಗಿ ಡಾಂಬರಿನ ಬಣ್ಣದಲ್ಲಿಯೇ ಅಡಗಿರುತ್ತದೆ. ಅಲ್ಲದೆ, ಬೋಳಾಗಿದ್ದ ಬೆಟ್ಟಕ್ಕೆ ಒಂದೇ ಸಂಜೆ ಹಿಮ ಸುರಿಯಬಹುದು. 2024ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಎರಡು ದಿನವಿರುವಾಗ, ಸೋಲಂಗಿಗೂ ಅಟಲ್ ಸುರಂಗಕ್ಕೂ ನಡುವೆ ಸುಮಾರು ಸಾವಿರ ವಾಹನಗಳು ಸಿಕ್ಕಿಕೊಂಡು, ಪೊಲೀಸರು ಗಂಟೆಗಟ್ಟಲೆ ಶ್ರಮಿಸಿ ಜನರನ್ನು ಪಾರುಮಾಡಬೇಕಾಯಿತು.

2020ರ ಅಕ್ಟೋಬರ್ 3ರಂದು ತೆರೆದ, 9.02 ಕಿಲೋಮೀಟರ್ ಉದ್ದದ ಆ ಸುರಂಗವು ಜನಸಂದಣಿಯನ್ನು ಕರಗಿಸಿತೆಂದು ತಿಳಿಯುವವರೂ ಇದ್ದಾರೆ. ಚಳಿಗಾಲದಲ್ಲಿ ಸುರಂಗದಾಚೆಯ ಲಾಹೌಲಿನ ಜನರಿಗೆ ಅದು ಜೀವನಾಡಿ, ಸಂದೇಹವಿಲ್ಲ. ಪ್ರವಾಸಿಗಳ ಪಾಲಿಗೆ ಮಾತ್ರ ಅದು ಸಮಸ್ತ ವಾಹನಗಳನ್ನೂ ಒಂದೇ ಬಾಯಿಗೆ ತಂದು ನಿಲ್ಲಿಸಿದೆ. ಸೋಲಂಗಿನಲ್ಲಿ ಹಿಮವಿಲ್ಲದಾಗ ಎಲ್ಲರೂ ಸುರಂಗ ದಾಟಿ ಸಿಸ್ಸುವಿಗೆ ಧಾವಿಸುತ್ತಾರೆ. ಅಂದರೆ ಹಿಮ ಕಡಿಮೆಯಾದಷ್ಟೂ ದಟ್ಟಣೆ ಹೆಚ್ಚು. 2023ರ ಕ್ರಿಸ್ಮಸ್ ಕಾಲದಲ್ಲಿ ಈ ದಟ್ಟಣೆಯನ್ನು ತಪ್ಪಿಸಲೆಂದು ಒಬ್ಬನು ತನ್ನ ಜೀಪನ್ನು ಚಂದ್ರಾ ನದಿಯ ನೀರಿಗೇ ಇಳಿಸಿ ಓಡಿಸಿ ದಂಡ ತೆತ್ತ ಪ್ರಸಂಗವನ್ನು ದೇಶವೆಲ್ಲ ನೋಡಿ ನಕ್ಕಿತು. ಬೆಳಗಿನ ಎಂಟಕ್ಕೆ ಮೊದಲೇ ಹೊರಟು ಮಧ್ಯಾಹ್ನಕ್ಕೆ ಮರಳತೊಡಗುವುದಲ್ಲದೆ ಇದಕ್ಕೆ ಬೇರೆ ಉಪಾಯವನ್ನು ನಾನರಿಯೆ.

ಸ್ಕೀ ಕ್ರೀಡೆಯು ಪಟ್ಟಿ ಕಟ್ಟಿದೊಡನೆ ಬರತಕ್ಕ ವಿದ್ಯೆಯಲ್ಲ. ಬಾಡಿಗೆಯ ಬೂಟು ತೊಟ್ಟು ಸಹಾಯಕನ ಕೈಹಿಡಿದು ಹತ್ತು ಮಾರು ಜಾರುವುದು ಫೋಟೋಕ್ಕೆ ಸಾಕು. ತೆಳುಹಿಮದ ದಿನ ಅದರ ಕೆಳಗೆ ಕಲ್ಲುಗಳಿರುವುದರಿಂದ ಅದೂ ಅಪಾಯವೇ. ಕಲಿಯಬಯಸುವ ತರುಣರು 1961ರಲ್ಲಿ ಸ್ಥಾಪಿತವಾದ ಮನಾಲಿಯ ಪರ್ವತಾರೋಹಣ ಸಂಸ್ಥೆಯ ಚಳಿಗಾಲದ ಶಿಬಿರಗಳನ್ನು ವಿಚಾರಿಸುವುದು ಲೇಸು. ಹಿಮಕ್ರೀಡೆ ನಮ್ಮಂಥವರಿಗಲ್ಲವೆಂಬ ಸಂಕೋಚವೂ ಬೇಡ: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2024ರ ಖೇಲೋ ಇಂಡಿಯಾ ಗುಲ್ಮರ್ಗ್ ಕೂಟದಲ್ಲಿ ದೂರದ ಸ್ಕೀ ಓಟಗಳಲ್ಲಿ ಕರ್ನಾಟಕಕ್ಕೆ ಚಿನ್ನವನ್ನು ತಂದರು. ಆ ಓಟಕ್ಕೆ ಬೇಕಾದದ್ದು ಕಾಲಿನ ಬಲ ಮತ್ತು ಉಸಿರಿನ ದಮ್ಮು. ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಸಾಲಾಗಿ ಕೊಟ್ಟ ವಿಜಯಪುರ ಜಿಲ್ಲೆಗೆ ಇವೆರಡರ ಕೊರತೆಯಿದ್ದಂತೆ ಕಾಣೆ.

"ನಮ್ಮ ಬಿಸಿಲಿಗೇ ಜಗ್ಗದ ಮೈಯಿದು, ಅಲ್ಲಿನ ಬಿಸಿಲೇನು ಮಾಡೀತು?" ಎನ್ನುವ ಹಿರಿಯರು, ಎತ್ತರಕ್ಕೇರಿದಂತೆ ಅತಿನೇರಳೆ ಕಿರಣಗಳ ತೀವ್ರತೆಯು ಪ್ರತಿ 1000 ಮೀಟರಿಗೆ ಸುಮಾರು ನೂರಕ್ಕೆ 10ರಷ್ಟು ಹೆಚ್ಚುವುದನ್ನೂ, ಹೊಸ ಹಿಮವು ಅವುಗಳಲ್ಲಿ ನೂರಕ್ಕೆ 80ರವರೆಗೆ ಕೆಳಗಿನಿಂದ ಕಣ್ಣಿಗೇ ಎಸೆಯುವುದನ್ನೂ ತಿಳಿದು ಕಪ್ಪು ಕನ್ನಡಕವನ್ನು ಒಯ್ಯತಕ್ಕದ್ದು.

ಕೊನೆಯದಾಗಿ, ಹಿಮ ಸಿಕ್ಕದಿದ್ದರೆ ಹೋದದ್ದೇ ದಂಡವೆಂಬ ಕೊರಗು. ಹಿಮವಿಲ್ಲದ ವಾರದಲ್ಲಿ ಕುಲ್ಲು ಕಣಿವೆಯ ಕೆಳದಾರಿಗಳು ತೆರೆದಿರುತ್ತವೆ. ದೇವದಾರುಗಳ ನಡುವೆ 1553ರಲ್ಲಿ ಕಟ್ಟಿದ ಹಿಡಿಂಬಾ ದೇವಿಯ ಮರದ ಗುಡಿ ಮನಾಲಿಯಲ್ಲಿಯೇ ಇದೆ. ತುಸು ಕೆಳಗೆ ನಗ್ಗರಿನಲ್ಲಿ, ಹಿಮಾಲಯವನ್ನು ಚಿತ್ರಿಸುತ್ತ ಬಾಳಿ 1947ರಲ್ಲಿ ಅಲ್ಲಿಯೇ ತೀರಿಕೊಂಡ ರಷ್ಯದ ಕಲಾವಿದ ನಿಕೊಲಸ್ ರೋರಿಕ್‌ರ ಮನೆಯು ಈಗ ಚಿತ್ರಶಾಲೆಯಾಗಿದೆ. ಅವರ ಮಗ ಸ್ವೆತೊಸ್ಲಾವ್ ನಟಿ ದೇವಿಕಾರಾಣಿಯವರನ್ನು ವರಿಸಿ, ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯ ತೋಟದಲ್ಲಿ ನೆಲೆಸಿದ್ದರು. ಬೆಟ್ಟ ಬೋಳಾಗಿದ್ದ ವರ್ಷದಲ್ಲಿಯೂ ನಗ್ಗರಿನ ಆ ಮನೆಯ ಗೋಡೆಗಳ ಮೇಲೆ ಹಿಮಕ್ಕೆ ಬರವಿಲ್ಲ.