ಐಷಾರಾಮಿ ಕಾರಿಗೆ ಯಾವ ಕೂಲಂಟ್?

ಮುಂಬಯಿ ಕನ್ನಡಿಗರಲ್ಲಿ ಐವತ್ತು ದಾಟಿದವರಿಗೆ ಪ್ರೀಮಿಯರ್ ಪದ್ಮಿನಿ ಕಾರನ್ನು ಪರಿಚಯಿಸಬೇಕಾಗಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಕಾರಿನಲ್ಲಿ ಬೇಸಿಗೆ ರಜೆಗೆ ಊರಿಗೆ ಹೊರಟರೆ ಡಿಕ್ಕಿಯಲ್ಲಿ ನೀರಿನ ಡಬ್ಬಿ ಇರಲೇಬೇಕಿತ್ತು. ಖಂಡಾಲಾ ಘಾಟಿಯ ಏರಿನಲ್ಲಿ ಬಾನೆಟ್ ತೆರೆದು, ರೇಡಿಯೇಟರ್ ತಣಿಯುವವರೆಗೆ ಕಾದು, ನೀರು ಸುರಿದು ಮುಂದೆ ಸಾಗುವುದು ಪ್ರಯಾಣದ ಒಂದು ಅಂಗವೇ ಆಗಿತ್ತು. ಅದರ ಎಂಜಿನ್ ಬ್ಲಾಕ್ ಎರಕದ ಕಬ್ಬಿಣದ್ದು. ನಲ್ಲಿ ನೀರನ್ನು ಹೇಗೋ ಸಹಿಸಿಕೊಳ್ಳುತ್ತಿತ್ತು. ಇಂದು ಪವಾಯಿಯ ಬಹುಮಹಡಿ ಕಟ್ಟಡಗಳ ಕೆಳಗೆ ನಿಂತಿರುವ ಮರ್ಸಿಡಿಸ್, ಬಿಎಂಡಬ್ಲ್ಯೂ, ಆಡಿ, ಲೆಕ್ಸಸ್‌ಗಳಿಗೆ ಆ ಸಹನೆಯಿಲ್ಲ. ಕಾರು ಬದಲಾದರೂ ನೀರು ಇಳಿದರೆ ನೀರು ಸುರಿಯುವ ರೂಢಿ ಮಾತ್ರ ನಮ್ಮವರಲ್ಲಿ ಇನ್ನೂ ಉಳಿದಿದೆ.

ನಾವು ಕಲಾ ವಿಭಾಗದ ಪದವೀಧರರು, ವೃತ್ತಿಯಿಂದ ಬ್ಯಾಂಕಿನವರು; ಯಂತ್ರಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ವಾಹನ ಸಾಲದ ಕಡತಗಳನ್ನು ನೋಡುತ್ತಾ ಬಂದ ನಮಗೆ ಒಂದು ಸಂಗತಿ ಮನದಟ್ಟಾಗಿದೆ: ಲಕ್ಷಾಂತರ ರೂಪಾಯಿ ಸಾಲ ಮಾಡಿ ಕಾರು ಕೊಳ್ಳುವವರು ಬಣ್ಣ, ಸೀಟು, ಸಂಗೀತ ವ್ಯವಸ್ಥೆಗಳ ಬಗ್ಗೆ ವಿಚಾರಿಸುವಷ್ಟು ಅದರೊಳಗೆ ಹರಿಯುವ ದ್ರವಗಳ ಬಗ್ಗೆ ವಿಚಾರಿಸುವುದಿಲ್ಲ.

ಎಂಜಿನ್ನಿನೊಳಗೆ ಇಂಧನ ಉರಿಯುವಾಗ ಅನಿಲದ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಎಂಜಿನ್ನಿಗೆ ಬಳಸುವ ಅಲ್ಯೂಮಿನಿಯಂ ಕರಗುವುದಾದರೋ ಸುಮಾರು 660 ಡಿಗ್ರಿಯಲ್ಲಿ. ಇವೆರಡರ ನಡುವೆ ನಿಂತು ಕಾಯುವುದು ಕೂಲಂಟ್. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧ ನೀರನ್ನು ಸಮಪಾಲಾಗಿ ಬೆರೆಸಿದರೆ ಆ ಮಿಶ್ರಣ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡವಿದ್ದರೆ 125 ಡಿಗ್ರಿಯನ್ನೂ ದಾಟಿ ತಡೆದುಕೊಳ್ಳುತ್ತದೆ. ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ ಎಂಬುದು ಅದರ ಇನ್ನೊಂದು ಗುಣ. ಮುಂಬಯಿಯಲ್ಲಿ ನಮಗದರ ಅಗತ್ಯವಿಲ್ಲ. ಹಾಗೆಂದು ಕೂಲಂಟ್ ಚಳಿ ದೇಶದವರಿಗೆ ಮಾತ್ರ ಎಂದು ತಿಳಿಯುವುದು ಸರಿಯಲ್ಲ. ಜೋಗೇಶ್ವರಿ-ವಿಖ್ರೋಳಿ ಲಿಂಕ್ ರಸ್ತೆಯಲ್ಲಿ ಸಂಜೆ ಹೊತ್ತು ಎ.ಸಿ. ಹಾಕಿಕೊಂಡು ಆಮೆಯಂತೆ ತೆವಳುವ ಕಾರಿನ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಫ್ಯಾನ್ ಒಂದೇ ಗತಿ.

ಆದರೆ ಗ್ಲೈಕಾಲ್ ಎಲ್ಲ ಬಾಟಲಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಭೇದವಿರುವುದು ಅದರಲ್ಲಿ ಅಲ್ಪ ಪ್ರಮಾಣದಲ್ಲಿ ಸೇರಿಸುವ, ಲೋಹ ಸವೆಯದಂತೆ ತಡೆಯುವ ರಾಸಾಯನಿಕಗಳಲ್ಲಿ. ಹಳೆಯ ಕಾಲದ ಕೂಲಂಟುಗಳಲ್ಲಿ ಸಿಲಿಕೇಟ್, ಫಾಸ್ಫೇಟುಗಳಂಥ ಲವಣಗಳಿರುತ್ತಿದ್ದವು; ಅವು ಲೋಹದ ಮೇಲೆ ಬೇಗನೆ ಪೊರೆ ಕಟ್ಟುತ್ತವೆ, ಬೇಗನೆ ಮುಗಿದೂ ಹೋಗುತ್ತವೆ. ಆದ್ದರಿಂದ ಸುಮಾರು ಎರಡು ವರ್ಷಗಳಿಗೊಮ್ಮೆ ಬದಲಿಸಬೇಕಿತ್ತು. ಆಮೇಲೆ ಬಂದ ಸಾವಯವ ಆಮ್ಲಗಳ ಕೂಲಂಟ್ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾಳುತ್ತದೆ. ಯುರೋಪಿನ ತಯಾರಕರು ಗಡಸು ನೀರಿನೊಡನೆ ಸೇರಿ ಕಿಟ್ಟ ಕಟ್ಟುತ್ತದೆಂದು ಫಾಸ್ಫೇಟನ್ನು ದೂರವಿಟ್ಟು ಸಿಲಿಕೇಟನ್ನು ಆರಿಸಿಕೊಂಡರು. ಜಪಾನೀಯರು ನೀರಿನ ಪಂಪಿನ ಸೀಲುಗಳನ್ನು ಸಿಲಿಕೇಟ್ ಸವೆಸುತ್ತದೆಂದು ಅದನ್ನು ಬಿಟ್ಟು ಫಾಸ್ಫೇಟನ್ನು ಉಳಿಸಿಕೊಂಡರು. ನಮ್ಮ ಬಿಡದಿಯಲ್ಲಿ 2020ರಿಂದ ಜೋಡಿಸಲಾಗುತ್ತಿರುವ ಲೆಕ್ಸಸ್ ಇಎಸ್ 300ಎಚ್ ಕಾರಿಗೂ ಆಡಿಗೂ ಒಂದೇ ಬಾಟಲಿಯನ್ನು ಸುರಿಯಲಾಗದು ಎಂಬುದಕ್ಕೆ ಕಾರಣ ಇದೇ.

ಇಲ್ಲಿ ಬಹುಮಂದಿ ಎಡವುವುದು ಬಣ್ಣದ ವಿಷಯದಲ್ಲಿ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂಬ ಲೆಕ್ಕ ನಂಬತಕ್ಕದ್ದಲ್ಲ. ಬಣ್ಣವೆಂಬುದು ತಯಾರಕರು ಬೆರೆಸಿದ ರಂಗು ಮಾತ್ರ. ಬಿಎಂಡಬ್ಲ್ಯೂ ಕಾರುಗಳಲ್ಲಿ ದೀರ್ಘಕಾಲ ನೀಲಿ ಕೂಲಂಟ್ ಇತ್ತು. 2018ರ ಸುಮಾರಿಗೆ ಹಸಿರು ಬಣ್ಣದ ಹೊಸದೊಂದು ಬಂತು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಮಾದರಿಯ ಕೂಲಂಟೂ ಹಸಿರೇ. ಫೋಕ್ಸ್‌ವ್ಯಾಗನ್ ಸಮೂಹಕ್ಕೆ ಸೇರಿದ ಆಡಿಯಲ್ಲಿ ನೀಲಿ-ಹಸಿರಿನ ಜಿ 11, ಕೆಂಪಿನ ಜಿ 12, ನೇರಳೆಯ ಜಿ 13, ಅನಂತರ ಜಿ 12 ಇವೊ ಎಂದು ಸಂತತಿಯೇ ಬೆಳೆದಿದೆ. ಇವುಗಳಲ್ಲಿ ಮೊದಲಿನ ಜಿ 11 ಮತ್ತು ಜಿ 12 ಪರಸ್ಪರ ಬೆರೆತರೆ ಕಂದುಬಣ್ಣದ ರಾಡಿಯಾಗುತ್ತದೆ. ನಮ್ಮ ಪರಿಚಿತರೊಬ್ಬರು ಕೊಂಡ ಹಳೆಯ ಜರ್ಮನ್ ಕಾರಿಗೆ ಗ್ಯಾರೇಜೊಂದರಲ್ಲಿ ‘ಎಲ್ಲವೂ ಒಂದೇ ಸಾರ್’ ಎಂದು ಕೈಗೆ ಸಿಕ್ಕಿದ್ದನ್ನು ಸುರಿದಿದ್ದರು. ಕೆಲವೇ ತಿಂಗಳಲ್ಲಿ ರೇಡಿಯೇಟರಿನ ಸಣ್ಣ ನಾಳಗಳು ಕಟ್ಟಿಕೊಂಡು, ಕೊಲ್ಹಾಪುರದ ದಾರಿಯಲ್ಲಿ ಎಂಜಿನ್ ಕಾದು, ಸಿಲಿಂಡರ್ ಹೆಡ್ ಡೊಂಕಾಯಿತು. ದುರಸ್ತಿಗೆ ತಗಲಿದ ಹಣದಲ್ಲಿ ಸಣ್ಣ ಕಾರೊಂದು ಬರುತ್ತಿತ್ತು.

ಹಾಗಾದರೆ ಆರಿಸುವುದು ಹೇಗೆ? ಕಾರಿನೊಡನೆ ಬಂದ ಕೈಪಿಡಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಮರ್ಸಿಡಿಸ್ ಆದರೆ ಎಂಬಿ 325.0 ಅಥವಾ 325.5, ಆಡಿ ಆದರೆ ಟಿಎಲ್ 774 ಮತ್ತು ಅದರ ಮುಂದೊಂದು ಅಕ್ಷರ. ಬಾಟಲಿಯ ಹಿಂಬದಿಯಲ್ಲಿ ಅದೇ ಸಂಖ್ಯೆಯನ್ನು ಹುಡುಕಬೇಕು. ಅಲ್ಲಿಯೂ ಕಾರು ತಯಾರಕರು ‘ಅನುಮೋದಿಸಿದ’ ಎಂಬುದಕ್ಕೂ, ಆ ಕಾರಿಗೆ ‘ಸೂಕ್ತ’ ಎಂಬುದಕ್ಕೂ ಅಂತರವಿದೆ. ಸಾಲಕ್ಕೆ ಅರ್ಹರಾಗಿರುವುದು ಬೇರೆ, ಸಾಲ ಮಂಜೂರಾಗಿರುವುದು ಬೇರೆ. ಬ್ಯಾಂಕಿಗೆ ಒಮ್ಮೆಯಾದರೂ ಅಲೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲ ಕಾರುಗಳಿಗೂ ಒಂದೇ ಎಂದು ಸಾರುವ ಬಾಟಲಿಗಳನ್ನು ಐಷಾರಾಮಿ ಕಾರಿಗೆ ಬಳಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ವಾರಂಟಿಯ ಅವಧಿಯಲ್ಲಂತೂ ಕೂಡದು.

ನೀರು ಬೆರೆಸಿಯೇ ಬರುವ ಬಾಟಲಿಗೆ ಮತ್ತೆ ನೀರು ಸೇರಿಸಬಾರದು. ಗಟ್ಟಿ ದ್ರಾವಣವಾದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಗಟ್ಟಿಯಾಗಿ ಹಾಕಿದರೆ ಇನ್ನೂ ಒಳ್ಳೆಯದೆಂಬ ಭಾವನೆ ತಪ್ಪು: ಶಾಖವನ್ನು ಹೊತ್ತೊಯ್ಯುವುದರಲ್ಲಿ ಗ್ಲೈಕಾಲಿಗಿಂತ ನೀರೇ ಮೇಲು. ಭಾತ್ಸಾ, ವೈತರಣಾ, ತಾನ್ಸಾಗಳಿಂದ ಬರುವ ಮಹಾನಗರಪಾಲಿಕೆಯ ನೀರು ಕುಡಿಯಲು ಯೋಗ್ಯವಾದರೂ ಅದರಲ್ಲಿ ಕ್ಲೋರಿನ್ ಇರುತ್ತದೆ. ಕಟ್ಟಡಕ್ಕೆ ಬರುವ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ. ಎರಡೂ ಅಲ್ಯೂಮಿನಿಯಮ್ಮಿಗೆ ಹಿತವಲ್ಲ. ದಾರಿಯಲ್ಲಿ ಬೇರೆ ಉಪಾಯವಿಲ್ಲದಾಗ ಶುದ್ಧ ನೀರು ಹಾಕಿ ಊರು ಸೇರಬಹುದು, ಆದರೆ ಅನಂತರ ಪೂರ್ತಿ ಬದಲಿಸಬೇಕು. ಹಳೆಯ ಕಾರು ಕೊಂಡು, ಹಿಂದಿನ ಮಾಲೀಕರು ಏನು ಹಾಕಿದ್ದರೆಂದು ತಿಳಿಯದಿದ್ದಾಗಲೂ ಅಷ್ಟೆ: ಎಲ್ಲವನ್ನೂ ಹೊರಹಾಕಿ, ತೊಳೆಸಿ, ಹೊಸದನ್ನು ತುಂಬಿಸುವುದು. ಮಟ್ಟವನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಬೇಕು. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಪದೇ ಪದೇ ಮಟ್ಟ ಇಳಿಯುತ್ತಿದ್ದರೆ ಸುರಿಯುತ್ತಾ ಹೋಗದೆ ಸೋರಿಕೆಯನ್ನು ಹುಡುಕಿಸಬೇಕು.

ಇನ್ನೊಂದು ಮಾತು ಮನೆಮಂದಿಗೆಲ್ಲ ಸಂಬಂಧಿಸಿದ್ದು. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಉಳಿದದ್ದನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ತುಂಬಿಡುವ ಅಭ್ಯಾಸ ಕೆಲವರಲ್ಲಿದೆ. ಮಕ್ಕಳಿರುವ ಮನೆಯಲ್ಲಿ ಇದು ಪ್ರಾಣಕ್ಕೇ ಅಪಾಯ. ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡುತ್ತದೆ. ಕುಡಿದ ಶಂಕೆ ಬಂದರೆ ಲಕ್ಷಣಗಳಿಗಾಗಿ ಕಾಯದೆ, ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ಪಾರ್ಕಿಂಗ್ ಜಾಗದಲ್ಲಿ ಚೆಲ್ಲಿದ್ದನ್ನು ನೆಕ್ಕಿ ನಾಯಿ, ಬೆಕ್ಕುಗಳು ಸಾಯುವುದುಂಟು. ಹೊರತೆಗೆದ ಹಳೆಯ ಕೂಲಂಟನ್ನು ಚರಂಡಿಗೆ ಬಿಟ್ಟರೆ ಅದು ಪವಾಯಿ ಕೆರೆಯ ಮೊಸಳೆಗಳ ಪಾಲಾದೀತು. ಡಬ್ಬಿಯಲ್ಲಿ ತುಂಬಿಸಿ, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸತಕ್ಕದ್ದು.