ಹೊಲದ ಗೇಟಿನವರೆಗೆ

ಶಿಡ್ಲಘಟ್ಟದ ಕಡೆ ಹದಿನೈದರ ಹುಡುಗ ತಮ್ಮದೇ ಹಿಪ್ಪುನೇರಳೆ ತೋಟದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿದರೆ ಅಪರಾಧವೇ? 1988ರ ಮೋಟಾರು ವಾಹನ ಕಾಯ್ದೆಯ 3 ಮತ್ತು 4ನೇ ಕಲಂಗಳು ಲೈಸೆನ್ಸ್, ವಯಸ್ಸುಗಳ ಮಾತೆತ್ತುವುದು ‘ಸಾರ್ವಜನಿಕ ಸ್ಥಳ’ದ ಮಟ್ಟಿಗೆ ಮಾತ್ರ. ಬೇಲಿಯೊಳಗಿನ ಸ್ವಂತ ತೋಟ ಅದರಲ್ಲಿ ಸೇರದು. ಆದರೆ ಜನರಿಗೆ ಪ್ರವೇಶದ ಹಕ್ಕಿರುವ ಜಾಗವೆಲ್ಲ ಸೇರುತ್ತದೆ: ಊರ ಬಂಡಿದಾರಿಯೂ, ಚಿಂತಾಮಣಿಯ ಬಸ್ ನಿಲ್ದಾಣವೂ.

ಹಾಗಾಗಿ, ಗೂಡು ಹೇರಿಕೊಂಡು ಗೇಟು ದಾಟಿದರೆ 2019ರಲ್ಲಿ ಸೇರಿಸಿದ 199ಎ ಕಲಂ ಅನ್ವಯಿಸುತ್ತದೆ. ಅಪ್ಪನಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ‘ನನಗೆ ತಿಳಿಯದೆ ಒಯ್ದ’ ಎಂದರೆ ಸಾಲದು, ಸಾಬೀತುಪಡಿಸಬೇಕು! ಹುಡುಗನಿಗೋ 25 ತುಂಬುವವರೆಗೆ ಲೈಸೆನ್ಸಿಲ್ಲ.

ತೋಟದೊಳಗೇ ಕೂಲಿಯಾಳೊಬ್ಬರು ಚಕ್ರಕ್ಕೆ ಸಿಕ್ಕಿ ಸತ್ತರೆ? ನಿರ್ಲಕ್ಷ್ಯದಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ಅದು ಜಮೀನು ಯಾರದೆಂದು ಕೇಳುವುದಿಲ್ಲ. ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ.