ಕರು ಸತ್ತ ಮನೆಯಲ್ಲಿ ಮಗು ಕೇಳುವ ಪ್ರಶ್ನೆ

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗ ಕೊಪ್ಪಳ ಜಿಲ್ಲೆಯ ಕೊಟ್ಟಿಗೆಗಳಲ್ಲೂ ದನಗಳು ಸತ್ತವು. ಸರ್ಕಾರ ಎತ್ತಿಗೆ 30,000, ಹಸುವಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರ ಗೊತ್ತುಮಾಡಿತು. ದೊಡ್ಡವರ ಲೆಕ್ಕ ಅದು. ಮಕ್ಕಳ ಲೆಕ್ಕದಲ್ಲಿ ಕರುವೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಹೆಸರಿಟ್ಟವರು, ಕೊರಳಿಗೆ ಗೆಜ್ಜೆ ಕಟ್ಟಿದವರು, ಸಾಲಿಯಿಂದ ಬಂದವರೇ ಪಾಟಿಚೀಲ ಬಿಸಾಕಿ ಅದರ ಹತ್ತಿರ ಓಡಿದವರು ಅವರೇ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಮನೆಗಳಲ್ಲಿ ಸಾಕಿದ ಜೀವ ಎಂದರೆ ಕರು, ಆಡಿನ ಮರಿ, ಹೊಲ ಕಾಯುವ ನಾಯಿ. ಇವುಗಳಲ್ಲೊಂದು ಸತ್ತಾಗಲೇ ಎಷ್ಟೋ ಮಕ್ಕಳು ಸಾವನ್ನು ಮೊದಲ ಸಲ ಹತ್ತಿರದಿಂದ ಕಾಣುವುದು.

“ಕರ ಎಲ್ಲಿ ಹೋತಬೇ?” ಎಂದು ನಾಲ್ಕು ವರ್ಷದ ಮಗು ಕೇಳುತ್ತದೆ. “ಮಲ್ಕೊಂಡೈತವ್ವ” ಎನ್ನುತ್ತೇವೆ, ಇಲ್ಲವೇ “ದೇವರ ಊರಿಗೆ ಹೋಗೈತಿ”. ಪ್ರೀತಿಯಿಂದಲೇ ಹೇಳಿದ ಮಾತು. ತೊಡಕಿರುವುದು ಅದನ್ನು ಮಗು ನಂಬುವುದರಲ್ಲಿ. ಹಂಗೇರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದರ ಒಳಗಿನ ಮಕ್ಕಳಿಗೆ ಸಾವೆಂದರೆ ಒಂದು ಬಗೆಯ ನಿದ್ದೆ ಅಥವಾ ಪ್ರಯಾಣ. ಮಲಗಿದವರು ಏಳುತ್ತಾರೆ, ಊರಿಗೆ ಹೋದವರು ಬರುತ್ತಾರೆ. ಸತ್ತದ್ದು ಮರಳಿ ಬಾರದು, ಅದರ ಉಸಿರು, ಹಸಿವು, ನೋವು ಎಲ್ಲ ನಿಂತಿವೆ, ಹುಟ್ಟಿದ್ದೆಲ್ಲ ಒಂದು ದಿನ ಸಾಯುತ್ತದೆ: ಈ ಮೂರು ತಿಳಿವಳಿಕೆ ಹೆಚ್ಚಿನ ಮಕ್ಕಳಲ್ಲಿ ಐದರಿಂದ ಏಳು ವರ್ಷದ ನಡುವೆ ಬಲಿಯುತ್ತವೆ ಎಂದು 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಹೇಳಿದರು. ಅದಕ್ಕೂ ಮೊದಲೇ ‘ಮಲಗಿದೆ’ ಎಂದುಬಿಟ್ಟರೆ ಮಗು ಗೂಟದ ಬಳಿ ಕಾಯುತ್ತಾ ಕೂರುತ್ತದೆ, ಇಲ್ಲವೇ ರಾತ್ರಿ ತಾನು ಮಲಗುವುದಕ್ಕೇ ಹೆದರುತ್ತದೆ. “ಸತ್ತೈತವ್ವ. ಇನ್ನ ಉಸಿರಾಡಂಗಿಲ್ಲ, ಎದ್ದು ಬರಂಗಿಲ್ಲ. ಅದಕ್ಕ ಈಗ ನೋವೂ ಇಲ್ಲ” ಎನ್ನುವುದು ಬಾಯಿಗೆ ಕಷ್ಟವಾದರೂ ಮಗುವಿಗೆ ಹಗುರ. ಅದೇ ಪ್ರಶ್ನೆ ಮರುದಿನವೂ ಬರುತ್ತದೆ, ಅದೇ ಉತ್ತರ ಕೊಟ್ಟರಾಯಿತು.

ಮಗು ಕೇಳದೆ ಉಳಿಸಿಕೊಳ್ಳುವ ಪ್ರಶ್ನೆ ಇನ್ನೊಂದು: ನನ್ನಿಂದ ಸತ್ತಿತೇ? ನಿನ್ನೆ ಕೋಲಿನಿಂದ ಹೊಡೆದೆ, ನೀರು ಕುಡಿಸಲು ಮರೆತೆ, ಸಿಟ್ಟಿನಲ್ಲಿ ‘ಸಾಯಿ’ ಎಂದೆ. ಬಯಕೆಯೇ ಘಟನೆಯಾಗುತ್ತದೆ ಎಂದು ನಂಬುವ ವಯಸ್ಸು ಅದು. ಇಲ್ಲಿ ರೋಗದ ವಿವರವೇ ಸಮಾಧಾನ. ಚರ್ಮಗಂಟು ಒಂದು ವೈರಸ್‌ನಿಂದ ಬರುತ್ತದೆ, ಅದನ್ನು ದನದಿಂದ ದನಕ್ಕೆ ಒಯ್ಯುವುದು ನೊಣ, ಸೊಳ್ಳೆ, ಉಣ್ಣೆ. ಮನುಷ್ಯರಿಗೆ ಅದು ತಗಲುವುದಿಲ್ಲ. ಇಷ್ಟನ್ನು ಹೇಳಿದರೆ ತಪ್ಪು ತನ್ನದಲ್ಲ ಎಂಬುದು ಮಗುವಿಗೆ ತಾನೇ ಗೊತ್ತಾಗುತ್ತದೆ. ಸುಮ್ಮನೆ “ನಿನ್ನ ತಪ್ಪಿಲ್ಲ ಬಿಡೋ” ಎಂದರೆ ಅಷ್ಟು ನಾಟುವುದಿಲ್ಲ.

ಮಣ್ಣು ಮಾಡುವಾಗ ಮಕ್ಕಳನ್ನು ಒಳಗೆ ಕಳಿಸಿಬಿಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ನೋಡಬೇಕೆಂದರೆ ನೋಡಲಿ, ಒಂದು ಹಿಡಿ ಮಣ್ಣು ಹಾಕಲಿ. ಒತ್ತಾಯ ಬೇಡ. ಆದರೆ ಯಾವ ಸಾವು ಎಂಬುದನ್ನು ಮೊದಲು ನೋಡಬೇಕು. ದನ ಹಠಾತ್ತನೆ ಸತ್ತು ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಆಂಥ್ರಾಕ್ಸ್ ಇರಬಹುದು. ಅದನ್ನು ಯಾರೂ ಮುಟ್ಟಬಾರದು, ಕೊಯ್ಯಬಾರದು, ಪಶುವೈದ್ಯರನ್ನು ಕರೆಸಬೇಕು. ನಾಯಿ ವಿಚಿತ್ರವಾಗಿ ವರ್ತಿಸಿ, ಜೊಲ್ಲು ಸುರಿಸಿ ಸತ್ತಿದ್ದರೆ ರೇಬೀಸ್ ಶಂಕೆ ಇಟ್ಟುಕೊಳ್ಳಬೇಕು. ಅಂಥ ನಾಯಿ ಮಗುವನ್ನು ಕಚ್ಚಿದ್ದರೆ, ಪರಚಿದ್ದರೆ, ಗಾಯದ ಮೇಲೆ ನೆಕ್ಕಿದ್ದರೆ ಅಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅಳು ಆಮೇಲೆ.

“ಗಂಡಸಾಗಿ ನಾಯಿಗೆ ಅಳ್ತಿಯೇನಲೇ” ಎಂಬ ಮಾತಿಗೂ ವಿಜ್ಞಾನದಲ್ಲಿ ಉತ್ತರವಿದೆ. ಬ್ರಿಟನ್ನಿನ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಬಾಸ್ಟನ್ನಿನ ಸಂಶೋಧಕರು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದರು. ಸಾಕುಪ್ರಾಣಿ ಕಳೆದುಕೊಂಡ ಮಕ್ಕಳಲ್ಲಿ ಎಂಟನೇ ವಯಸ್ಸಿಗೆ ಮಾನಸಿಕ ತೊಂದರೆಯ ಲಕ್ಷಣಗಳು ಹೆಚ್ಚಿದ್ದವು, ಅದೂ ಹುಡುಗರಲ್ಲಿ ಇನ್ನಷ್ಟು ಎದ್ದು ಕಾಣುತ್ತಿದ್ದವು. ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖವನ್ನು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ನಮ್ಮವರು ಅದನ್ನು ಲೆಕ್ಕಕ್ಕೆ ಹಿಡಿದದ್ದೂ ಉಂಟು. ಕ್ರಿ.ಶ. 949ರ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಮಂಡ್ಯ ಸೀಮೆಯ ಆತಕೂರಿನಲ್ಲಿ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಮಣಲೇರನಂಥ ವೀರನಿಗೆ ನಾಚಿಕೆಯಾಗದ ದುಃಖಕ್ಕೆ ಆರು ವರ್ಷದ ಹುಡುಗ ಯಾಕೆ ನಾಚಬೇಕು?

ಮಕ್ಕಳು ದುಃಖವನ್ನು ಬಿಟ್ಟುಬಿಟ್ಟು ಪಡುತ್ತಾರೆ. ಈಗ ಅತ್ತವ ಇನ್ನೊಂದು ಗಳಿಗೆಗೆ ಗೋಲಿ ಆಡುತ್ತಿರುತ್ತಾನೆ. ಅದನ್ನು ಮರೆವು ಎನ್ನಬೇಡಿ. ಮಾತಾಡದ ಮಗುವಿನ ಕೈಗೆ ಎರೆಮಣ್ಣು ಕೊಟ್ಟು ನೋಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದನ್ನು ಕಂಡ ಮಗು ಸತ್ತ ಕರುವನ್ನೂ ಮಾಡೀತು, ಮಾಡುತ್ತಾ ಮಾತಾಡೀತು. “ನಾಳೇನ ಇನ್ನೊಂದ ತರ್ತೀನಿ” ಎಂಬ ಅವಸರ ಬೇಡ. ಸಾಕಿದ ಆಡನ್ನು ಸಂತೆಗೆ ಮಾರಿ ‘ಸತ್ತುಹೋಯಿತು’ ಎನ್ನುವುದಂತೂ ಬೇಡವೇ ಬೇಡ. ಗೆಳೆಯರ ಬಾಯಲ್ಲಿ ನಿಜ ತಿಳಿದ ದಿನ ಹೋಗುವುದು ನಿಮ್ಮ ಮಾತಿನ ಬೆಲೆ.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟರೆ, ಸಾಲಿಗೆ ಹೋಗಲು ಒಲ್ಲೆನೆಂದರೆ, ‘ನಾನೂ ಕರದ ಹತ್ರ ಹೋಗ್ತೀನಿ’ ಎಂದರೆ ತಡಮಾಡಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಜೋಡಿಯಲ್ಲಿ ಒಂದು ಎತ್ತು ಕಳೆದುಕೊಂಡು ಉಣ್ಣದೆ ಕೂತ ಅಪ್ಪನೂ ಅದೇ ನಂಬರಿಗೆ ಮಾಡಬಹುದು.